ಹಾಲಿನ ಲೆಕ್ಕದಿಂದ ಡೇಟಾಬೇಸ್‌ವರೆಗೆ: ಆಫೀಸ್ ಸಾಫ್ಟ್‌ವೇರ್ ಹೊಸದಾಗಿ ಕಲಿಯುವವರಿಗೆ

2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಕಂಪ್ಯೂಟರೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಅಂದಾಜು ವೆಚ್ಚ 2,516 ಕೋಟಿ ರೂಪಾಯಿ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರಲ್ಲ, ಅಲ್ಲಿಂದ ಇಲ್ಲಿಯವರೆಗೆ ತಲೆಮಾರುಗಟ್ಟಲೆ ಕೈಬರಹದ ಪುಸ್ತಕದಲ್ಲಿ ನಡೆದ ಲೆಕ್ಕ ಈಗ ಸ್ಕ್ರೀನ್ ಮೇಲೆ ಬರುತ್ತಿದೆ.

ಇದು ಸಂಘದ ಗುಮಾಸ್ತರಿಗೆ ಮಾತ್ರ ಬಂದಿರುವ ಕೆಲಸ ಅಲ್ಲ. ರಾಜ್ಯ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಇದೆ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರಿಗೆ, ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವರಿಗೆ, ಮೊದಲ ಕೆಲಸಕ್ಕೆ ಅರ್ಜಿ ಹಾಕುವ ಹುಡುಗ ಹುಡುಗಿಯರಿಗೆ "ಕಂಪ್ಯೂಟರ್ ಗೊತ್ತಾ?" ಅನ್ನುವ ಪ್ರಶ್ನೆ ಎದುರಾಗುತ್ತಿದೆ.

ಕ್ಲಾಸಿಗೆ ಸೇರಿದರೆ ಮೊದಲು ಹೇಳಿಕೊಡುವುದು ಬಟನ್‌ಗಳನ್ನು. ಅಕ್ಷರ ದಪ್ಪ ಮಾಡುವುದು ಹೀಗೆ, ಬಣ್ಣ ಹಾಕುವುದು ಹೀಗೆ, ಪ್ರಿಂಟ್ ಕೊಡುವುದು ಹೀಗೆ. ಇಷ್ಟು ಬೇಗ ಬಂದುಬಿಡುತ್ತದೆ. ಆದರೆ ಖಾಲಿ ಶೀಟ್ ಮುಂದೆ ಕೂತು ಯಾವುದನ್ನು ಎಲ್ಲಿ ಬರೆಯಬೇಕು ಅಂತ ಯೋಚಿಸುವಾಗ ಕೈ ಓಡುವುದಿಲ್ಲ. ಬಟನ್‌ಗಿಂತ ಮೊದಲು ಗೊತ್ತಾಗಬೇಕಾದ್ದು ಮಾಹಿತಿಯನ್ನು ಯಾವ ರೀತಿ ಜೋಡಿಸಿಡಬೇಕು ಅನ್ನುವುದು. ಅದು ಗೊತ್ತಾದರೆ ಸಾಫ್ಟ್‌ವೇರ್ ಯಾವುದಾದರೂ ಸರಿ, ಹಾದಿ ಸಿಗುತ್ತದೆ.

ಅರ್ಥ ಆಗಲಿ ಅಂತ ಕೊನೆವರೆಗೂ ಒಂದೇ ಉದಾಹರಣೆ ಹಿಡಿದು ಹೋಗೋಣ: ಊರಿನ ಹಾಲಿನ ಡೇರಿ. 150 ಸದಸ್ಯರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಹಾಕುತ್ತಾರೆ. ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡಿ ದರ. 15 ದಿನಕ್ಕೊಮ್ಮೆ ಬಟವಾಡೆ. ಬಹಳಷ್ಟು ಡೇರಿಗಳಲ್ಲಿ ಇದಕ್ಕೆ ರೆಡಿ ಸಾಫ್ಟ್‌ವೇರ್ ಬಂದಿದೆ. ಅದರ ಒಳಗೆ ಇರುವುದೂ ನಾವು ಇಲ್ಲಿ ನೋಡುವ ಜೋಡಣೆಯೇ.

## ಆಫೀಸ್ ಅಂದರೆ ಯಾವ ಯಾವ ಸಾಫ್ಟ್‌ವೇರ್?

ಆಫೀಸ್ ಅನ್ನುವುದು ಒಂದು ಸಾಫ್ಟ್‌ವೇರ್ ಅಲ್ಲ, ಒಂದು ಕಟ್ಟು. ಪತ್ರ, ನೋಟೀಸ್, ನಡಾವಳಿ ಬರೆಯಲು ವರ್ಡ್. ಲೆಕ್ಕಕ್ಕೆ ಎಕ್ಸೆಲ್. ಸಭೆಯಲ್ಲಿ ತೋರಿಸಲು ಪವರ್‌ಪಾಯಿಂಟ್. ದೊಡ್ಡ ದಾಖಲೆಗಳನ್ನು ಇಡಲು ಆಕ್ಸೆಸ್. ಇವು ಮೈಕ್ರೋಸಾಫ್ಟ್‌ನವು, ದುಡ್ಡು ಕೊಟ್ಟು ಪಡೆಯಬೇಕು. ಆಕ್ಸೆಸ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ.

ಇದೇ ಕೆಲಸಗಳಿಗೆ ಲಿಬ್ರೆಆಫೀಸ್ ಅನ್ನುವ ಉಚಿತ ಕಟ್ಟು ಇದೆ. ಅದರಲ್ಲಿ ರೈಟರ್, ಕ್ಯಾಲ್ಕ್, ಇಂಪ್ರೆಸ್, ಬೇಸ್ ಅಂತ ಹೆಸರು. ಓಪನ್‌ಆಫೀಸ್‌ನಿಂದ 2010ರಲ್ಲಿ ಕವಲೊಡೆದು ಹುಟ್ಟಿದ ಇದನ್ನು ಡಾಕ್ಯುಮೆಂಟ್ ಫೌಂಡೇಶನ್ ನೋಡಿಕೊಳ್ಳುತ್ತದೆ. ಮೆನುಗಳನ್ನು ಕನ್ನಡದಲ್ಲೇ ಇಟ್ಟುಕೊಳ್ಳಬಹುದು. ಕಲಿಯುವ ಹಂತದಲ್ಲಿ ಇದು ಧಾರಾಳವಾಗಿ ಸಾಕು. ಕ್ಯಾಲ್ಕ್ ಬಂದವರಿಗೆ ಎಕ್ಸೆಲ್ ಹೊಸದು ಅನ್ನಿಸುವುದಿಲ್ಲ.

## ಶೀಟ್, ಸೆಲ್, ಫಾರ್ಮುಲಾ

ಎಕ್ಸೆಲ್ ಆಗಲಿ ಕ್ಯಾಲ್ಕ್ ಆಗಲಿ, ತೆರೆದ ಕೂಡಲೇ ಕಾಣುವುದು ಚೌಕಗಳು. ಪ್ರತಿ ಚೌಕ ಒಂದು ಸೆಲ್. ಮೇಲಿನಿಂದ ಕೆಳಕ್ಕೆ ಇರುವುದು ಕಾಲಂ, ಅದಕ್ಕೆ ಅಕ್ಷರ. ಎಡದಿಂದ ಬಲಕ್ಕೆ ಇರುವುದು ಸಾಲು, ಅದಕ್ಕೆ ಸಂಖ್ಯೆ. ಡಿ ಕಾಲಂ, 2ನೇ ಸಾಲು ಸೇರುವ ಸೆಲ್‌ನ ವಿಳಾಸ ಡಿ2.

ನಮ್ಮ ಹಾಲಿನ ಶೀಟ್‌ನಲ್ಲಿ ಎ ಕಾಲಂಗೆ ದಿನಾಂಕ, ಬಿ ಹೊತ್ತು (ಬೆಳಿಗ್ಗೆಯೋ ಸಂಜೆಯೋ), ಸಿ ಸದಸ್ಯ ಸಂಖ್ಯೆ, ಡಿ ಲೀಟರ್, ಇ ಫ್ಯಾಟ್, ಎಫ್ ಎಸ್‌ಎನ್‌ಎಫ್, ಜಿ ದರ, ಎಚ್ ಮೊತ್ತ. ಒಬ್ಬರು 8.4 ಲೀಟರ್ ಹಾಕಿದರು, ದರ 36 ರೂಪಾಯಿ ಅಂತ ಇಟ್ಟುಕೊಳ್ಳಿ. ಎಚ್2ರಲ್ಲಿ 302.40 ಅಂತ ನೀವೇ ಗುಣಿಸಿ ಬರೆದರೆ ಅದು ಬರೀ ಒಂದು ಅಂಕಿ. ಅದರ ಬದಲು =ಡಿ2*ಜಿ2 ಅಂತ ಬರೆಯಿರಿ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು. ಈಗಲೂ ಕಾಣುವುದು 302.40. ಆದರೆ ದರವನ್ನು 37.50ಕ್ಕೆ ತಿದ್ದಿದ ಕೂಡಲೇ ಮೊತ್ತ ತಾನಾಗಿ 315 ಆಗುತ್ತದೆ. ಸಮ ಚಿಹ್ನೆಯಿಂದ ಶುರುವಾಗುವ ಈ ಬರಹವೇ ಫಾರ್ಮುಲಾ.

ಫಾರ್ಮುಲಾವನ್ನು ಒಂದೇ ಸಲ ಬರೆದರೆ ಸಾಕು. ಸೆಲ್‌ನ ಬಲಗಡೆ ಕೆಳಮೂಲೆಯಲ್ಲಿ ಒಂದು ಪುಟ್ಟ ಚೌಕ ಇರುತ್ತದೆ. ಅದನ್ನು ಹಿಡಿದು ಕೆಳಕ್ಕೆ ಎಳೆದರೆ 3ನೇ ಸಾಲಿನಲ್ಲಿ ಅದೇ =ಡಿ3*ಜಿ3 ಆಗುತ್ತದೆ. ಸಾಲು ಬದಲಾದಂತೆ ವಿಳಾಸವೂ ಬದಲಾಗುತ್ತದೆ.

ಕೆಲವೊಮ್ಮೆ ವಿಳಾಸ ಬದಲಾಗಬಾರದು. ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಅಂತಿರಲಿ, ಅದನ್ನು ಕೆ1ರಲ್ಲಿ ಬರೆದಿದ್ದೀರಿ. =ಡಿ2*ಕೆ1 ಅಂತ ಬರೆದು ಎಳೆದರೆ ಮುಂದಿನ ಸಾಲು ಖಾಲಿ ಇರುವ ಕೆ2ವನ್ನು ನೋಡುತ್ತದೆ, ಉತ್ತರ ಸೊನ್ನೆ. =ಡಿ2*$ಕೆ$1 ಅಂತ ಬರೆದರೆ ಆ ವಿಳಾಸಕ್ಕೆ ಬೀಗ ಬೀಳುತ್ತದೆ, ಎಷ್ಟು ಎಳೆದರೂ ಅಲ್ಲೇ ಇರುತ್ತದೆ. ಹೊಸಬರ ಶೀಟ್‌ನಲ್ಲಿ ಕಾರಣ ಗೊತ್ತಾಗದ ಸೊನ್ನೆಗಳು ಬಂದರೆ ಮೊದಲು ಈ ಡಾಲರ್ ಚಿಹ್ನೆ ಬಿಟ್ಟುಹೋಗಿದೆಯಾ ಅಂತ ನೋಡಿ.

ಒಂದು ಅಂಕಿ ತಿದ್ದಿದರೆ ಅದನ್ನು ನಂಬಿದ ಎಲ್ಲ ಲೆಕ್ಕವೂ ತಾನೇ ತಿದ್ದಿಕೊಳ್ಳುವ ಈ ಯೋಚನೆಯನ್ನು 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ತಂದವರು ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್. ಅವರ ಸಾಫ್ಟ್‌ವೇರ್ ಹೆಸರು ವಿಸಿಕ್ಯಾಲ್ಕ್. ಎಕ್ಸೆಲ್ ಬಂದಿದ್ದು 1985ರಲ್ಲಿ.

## ಸೆಲ್‌ನಲ್ಲಿ ಇರುವುದು ಸಂಖ್ಯೆಯೋ, ಬರಹವೋ, ದಿನಾಂಕವೋ?

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ಹೊಸಬರ ತಲೆನೋವಿನಲ್ಲಿ ಅರ್ಧ ಇಲ್ಲೇ ಹುಟ್ಟುವುದು.

ನೀವು ಟೈಪ್ ಮಾಡಿದ್ದನ್ನು ನೋಡಿ ಸಾಫ್ಟ್‌ವೇರ್ ಇದು ಏನಿರಬಹುದು ಅಂತ ಊಹೆ ಮಾಡುತ್ತದೆ. ಸಂಖ್ಯೆ ಅನ್ನಿಸಿದರೆ ಬಲಕ್ಕೆ ತಳ್ಳುತ್ತದೆ, ಬರಹ ಅನ್ನಿಸಿದರೆ ಎಡಕ್ಕೆ. ಈ ಊಹೆ ಬಹಳ ಸಲ ಸರಿ, ಕೆಲವು ಸಲ ತಪ್ಪು.

ಬ್ಯಾಂಕ್ ಖಾತೆ ಸಂಖ್ಯೆ ನೋಡಿ. ಸೊನ್ನೆಯಿಂದ ಶುರುವಾಗುವ ಖಾತೆ ಸಂಖ್ಯೆ ಟೈಪ್ ಮಾಡಿ ಎಂಟರ್ ಒತ್ತಿದರೆ ಮುಂದಿನ ಸೊನ್ನೆ ಮಾಯ. ಲೆಕ್ಕದಲ್ಲಿ 007 ಅಂದರೂ 7 ಅಂದರೂ ಒಂದೇ ತಾನೇ, ಅದಕ್ಕೆ. 12 ಅಂಕಿಯ ಆಧಾರ್ ಸಂಖ್ಯೆ ಹಾಕಿದರೆ ಎಕ್ಸೆಲ್ ಅದನ್ನು 1.23457ಇ+11 ಅಂತ ಮೊಟಕು ಮಾಡಿ ತೋರಿಸುತ್ತದೆ. ಅಲ್ಲಿ ಒಳಗಿನ ಅಂಕಿ ಸರಿಯಾಗೇ ಇರುತ್ತದೆ. ಆದರೆ 16 ಅಂಕಿಯ ಖಾತೆ ಸಂಖ್ಯೆಯಲ್ಲಿ ನಿಜವಾದ ಹಾನಿ ಆಗುತ್ತದೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಯನ್ನಷ್ಟೇ ಉಳಿಸಿಕೊಳ್ಳುತ್ತದೆ. 16ನೆಯದು ಸೊನ್ನೆ ಆಗಿಬಿಡುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಬಟವಾಡೆಯ ದುಡ್ಡು ಯಾರ ಖಾತೆಗೆ ಹೋಗಬೇಕು ಅಂತ ಹೇಳುವ ಅಂಕಿ ಅದು.

ದಾರಿ ಸುಲಭ. ಕೂಡುವ, ಕಳೆಯುವ ಅಗತ್ಯವೇ ಇಲ್ಲದ ಅಂಕಿಗಳನ್ನೆಲ್ಲ ಬರಹ ಅಂತಲೇ ಇಡಬೇಕು. ಖಾತೆ ಸಂಖ್ಯೆ, ಆಧಾರ್, ಫೋನ್, ಪಿನ್‌ಕೋಡ್ ಎಲ್ಲ ಇದೇ ಜಾತಿ. ಟೈಪ್ ಮಾಡುವ ಮೊದಲೇ ಇಡೀ ಕಾಲಂ ಆರಿಸಿ, ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ಟೆಕ್ಸ್ಟ್ ಅಂತ ಕೊಡಿ. ಟೈಪ್ ಮಾಡಿದ ಮೇಲೆ ಕೊಟ್ಟರೆ ಹೋದ ಅಂಕಿ ವಾಪಸ್ ಬರುವುದಿಲ್ಲ.

ದಿನಾಂಕದ ಕಥೆ ಇನ್ನೊಂದು. ಶೀಟ್ ಒಳಗೆ ದಿನಾಂಕ ಇರುವುದು ಬರೀ ಸಂಖ್ಯೆಯಾಗಿ. 2024ರ ಜನವರಿ 1 ಅಂದರೆ ಅದಕ್ಕೆ 45292. ಅದಕ್ಕೇ ದಿನಾಂಕಕ್ಕೆ 15 ಕೂಡಿಸಿದರೆ ಮುಂದಿನ ಬಟವಾಡೆ ದಿನ ಸಿಗುತ್ತದೆ. ಆದರೆ ಕಂಪ್ಯೂಟರ್ ಅಮೆರಿಕದ ಪದ್ಧತಿಗೆ ಸೆಟ್ ಆಗಿದ್ದರೆ 03/04 ಅನ್ನುವುದನ್ನು ಏಪ್ರಿಲ್ 3 ಅನ್ನದೆ ಮಾರ್ಚ್ 4 ಅಂತ ಓದುತ್ತದೆ. 13/04 ಬಂದಾಗ 13ನೇ ತಿಂಗಳು ಇಲ್ಲವಲ್ಲ, ಅದನ್ನು ಬರಹ ಅಂತ ಎಡಕ್ಕೆ ತಳ್ಳುತ್ತದೆ. ದಿನಾಂಕದ ಕಾಲಂನಲ್ಲಿ 12ರವರೆಗಿನವು ಬಲಕ್ಕೆ, 13ರಿಂದ ಮುಂದಿನವು ಎಡಕ್ಕೆ ನಿಂತಿದ್ದರೆ ಕಾರಣ ಇದೇ. ಎಡಕ್ಕೆ ನಿಂತವು ಕಣ್ಣಿಗಾದರೂ ಬೀಳುತ್ತವೆ. ಬಲಕ್ಕೆ ನಿಂತವೇ ಸದ್ದಿಲ್ಲದೆ ತಪ್ಪಾಗಿರುವುದು.

ಈ ಊಹೆಯ ಕಾಟ ದೊಡ್ಡ ವಿಜ್ಞಾನಿಗಳನ್ನೂ ಬಿಟ್ಟಿಲ್ಲ. ಮನುಷ್ಯರ ಒಂದು ಜೀನ್‌ಗೆ ಮಾರ್ಚ್1 ಅಂತ ಹೆಸರಿತ್ತು. ಎಕ್ಸೆಲ್ ಅದನ್ನು ಮಾರ್ಚ್ ತಿಂಗಳ 1ನೇ ತಾರೀಖು ಮಾಡಿಬಿಡುತ್ತಿತ್ತು. ಸಂಶೋಧನೆಯ ಪಟ್ಟಿಗಳಲ್ಲಿ ಈ ತಪ್ಪು ಎಷ್ಟು ಹರಡಿತ್ತೆಂದರೆ, 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿ ಹೆಸರನ್ನೇ ಮಾರ್ಚ್‌ಎಫ್1 ಅಂತ ಬದಲಿಸಿತು.

## ಒಂದು ಸಾಲಿಗೆ ಒಂದೇ ಸಂಗತಿ

ಕೈಬರಹದ ಪುಸ್ತಕದ ಅಭ್ಯಾಸದಲ್ಲಿ ಶೀಟ್ ಮಾಡಿದರೆ ಎಡಗಡೆ 150 ಹೆಸರು, ಮೇಲುಗಡೆ 1ರಿಂದ 30 ತಾರೀಖು ಬರೆಯುತ್ತೇವೆ. ನೋಡಲು ಚೆನ್ನಾಗಿರುತ್ತದೆ, ಲೆಕ್ಕಕ್ಕೆ ಒಗ್ಗುವುದಿಲ್ಲ. ಬೆಳಿಗ್ಗೆ ಸಂಜೆ ಬೇರೆ ಮಾಡಬೇಕು ಅಂದಾಗ, ಫ್ಯಾಟ್ ಸೇರಿಸಬೇಕು ಅಂದಾಗ, ತಿಂಗಳು ಬದಲಾದಾಗ ಜೋಡಣೆಯೇ ಕೈಕೊಡುತ್ತದೆ.

ಸರಿಯಾದ ಪದ್ಧತಿ ಹೀಗೆ: ಒಬ್ಬ ಸದಸ್ಯರು ಒಂದು ಹೊತ್ತು ಹಾಲು ಹಾಕಿದ್ದು ಒಂದು ಸಂಗತಿ, ಅದಕ್ಕೆ ಒಂದು ಸಾಲು. ಒಂದು ಕಾಲಂನಲ್ಲಿ ಒಂದೇ ಬಗೆಯ ಮಾಹಿತಿ. ಮೊದಲ ಸಾಲು ತಲೆಬರಹ. ನಡುವೆ ಖಾಲಿ ಸಾಲು ಬೇಡ, "ಏಪ್ರಿಲ್ ಮೊತ್ತ" ಅಂತ ಮಧ್ಯೆ ತೂರಿಸುವುದು ಬೇಡ, ಸೆಲ್‌ಗಳನ್ನು ಕೂಡಿಸಿ ಅಗಲ ಮಾಡುವುದು ಬೇಡ. ಬಾಕಿ ಇದ್ದವರಿಗೆ ಕೆಂಪು ಬಣ್ಣ ಹಚ್ಚುವುದು ಬಹಳ ಜನರ ಅಭ್ಯಾಸ. ಫಾರ್ಮುಲಾಗಳಿಗೆ ಬಣ್ಣ ಗೊತ್ತಾಗುವುದಿಲ್ಲ. "ಬಾಕಿ" ಅಂತ ಒಂದು ಕಾಲಂ ಮಾಡಿ, ಹೌದು ಅಥವಾ ಇಲ್ಲ ಅಂತ ಬರೆಯುವುದೇ ಸರಿ.

ಹೀಗಿಟ್ಟರೆ ಶೀಟ್ ಉದ್ದ ಆಗುತ್ತದೆ, ನೋಡಲು ಅಂದ ಇರುವುದಿಲ್ಲ. ಪರವಾಗಿಲ್ಲ. ಪಿವಟ್ ಟೇಬಲ್ ಅನ್ನುವ ಸೌಲಭ್ಯಕ್ಕೆ ಈ ಉದ್ದ ಪಟ್ಟಿಯನ್ನೇ ಕೊಡಿ. ಸದಸ್ಯ ಸಂಖ್ಯೆಯನ್ನು ಸಾಲಿನ ಜಾಗಕ್ಕೆ, ಮೊತ್ತವನ್ನು ಲೆಕ್ಕದ ಜಾಗಕ್ಕೆ ಎಳೆದು ಹಾಕಿದರೆ 15 ದಿನದ 4,500 ಸಾಲುಗಳಿಂದ 150 ಸಾಲಿನ ಬಟವಾಡೆ ಪಟ್ಟಿ ಕ್ಷಣದಲ್ಲಿ ಬರುತ್ತದೆ.

ಹೆಸರಿನ ಬದಲು ಸದಸ್ಯ ಸಂಖ್ಯೆ ಯಾಕೆ ಅಂದರೆ, ಒಂದೇ ಊರಲ್ಲಿ ಮೂವರು ಲಕ್ಷ್ಮಮ್ಮ ಇರುತ್ತಾರೆ. ಇನ್ನೊಂದು ಕಾರಣವೂ ಇದೆ. ಹೆಸರಿನ ಕೊನೆಯಲ್ಲಿ ಗೊತ್ತಿಲ್ಲದೆ ಒಂದು ಸ್ಪೇಸ್ ಸೇರಿದ್ದರೆ ನಮ್ಮ ಕಣ್ಣಿಗೆ ಕಾಣದು, ಕಂಪ್ಯೂಟರಿಗೆ ಅದು ಬೇರೆಯೇ ಹೆಸರು.

## ಶೀಟ್ ಯಾವಾಗ ಸಾಲದಾಗುತ್ತದೆ?

150 ಸದಸ್ಯರು, ದಿನಕ್ಕೆ ಎರಡು ಹೊತ್ತು, ವರ್ಷಕ್ಕೆ 1,09,500 ಸಾಲು. ಈಗಿನ ಎಕ್ಸೆಲ್‌ನ ಒಂದು ಶೀಟ್‌ನಲ್ಲಿ 10,48,576 ಸಾಲುಗಳಿವೆ. ಹತ್ತು ವರ್ಷ ಮುಗಿಯುವ ಮೊದಲೇ ಭರ್ತಿ. ಹಳೆಯ ಎಕ್ಸೆಲ್ ಫೈಲ್‌ಗಳಲ್ಲಿ ಇದ್ದದ್ದು 65,536 ಸಾಲು ಮಾತ್ರ. 2020ರಲ್ಲಿ ಇಂಗ್ಲೆಂಡ್‌ನ ಆರೋಗ್ಯ ಇಲಾಖೆಯಲ್ಲಿ ಹೀಗೆ ಹಳೆಯ ನಮೂನೆಯ ಫೈಲ್ ತುಂಬಿಹೋಗಿ, ಸುಮಾರು 16,000 ಕೋವಿಡ್ ಪ್ರಕರಣಗಳು ಸಮಯಕ್ಕೆ ಲೆಕ್ಕಕ್ಕೆ ಬರದೆ ಉಳಿದವು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೇ ತಡವಾಯಿತು.

ಆದರೆ ಶೀಟ್ ಬಿಡಲು ಮುಖ್ಯ ಕಾರಣ ಜಾಗದ ಕೊರತೆ ಅಲ್ಲ, ಒಂದೇ ವಿಷಯ ಹತ್ತಾರು ಕಡೆ ಬರೆದಿರುವುದು. ಪ್ರತಿ ಸಾಲಿನಲ್ಲೂ ಸದಸ್ಯರ ಹೆಸರು, ಫೋನ್, ಖಾತೆ ಸಂಖ್ಯೆ ಬರೆದಿದ್ದೀರಿ ಅಂದುಕೊಳ್ಳಿ. ಒಬ್ಬರು ಬ್ಯಾಂಕ್ ಬದಲಿಸಿದರು. ಅವರ 730 ಸಾಲು ತಿದ್ದಬೇಕು. 729 ತಿದ್ದಿ ಒಂದು ಬಿಟ್ಟರೆ, ಅವರಿಗೆ ಈಗ ಎರಡು ಖಾತೆ. ಯಾವುದು ನಿಜ ಅಂತ ಶೀಟ್ ನೋಡಿ ಹೇಳಲು ಆಗುವುದಿಲ್ಲ.

ಆದ್ದರಿಂದ ಸದಸ್ಯರ ವಿವರವನ್ನು ಬೇರೆ ಶೀಟ್‌ನಲ್ಲಿ ಒಂದೇ ಸಲ ಬರೆದು, ಹಾಲಿನ ಶೀಟ್‌ನಲ್ಲಿ ಸಂಖ್ಯೆ ಮಾತ್ರ ಇಡಬೇಕು. ಹೆಸರು ಬೇಕಾದಾಗ ವಿಲುಕಪ್ ಅನ್ನುವ ಫಂಕ್ಷನ್ ಸಂಖ್ಯೆ ಹಿಡಿದು ಆ ಶೀಟ್‌ನಿಂದ ಹೆಸರು ತರುತ್ತದೆ. ಅದರ ಕೊನೆಯ ಜಾಗದಲ್ಲಿ 0 ಹಾಕಲು ಮರೆಯಬೇಡಿ. ಖಾಲಿ ಬಿಟ್ಟರೆ ಸರಿಯಾದ ಸಂಖ್ಯೆ ಸಿಗದಿದ್ದಾಗ ಹತ್ತಿರದ್ದನ್ನು ತಂದುಕೊಟ್ಟುಬಿಡುತ್ತದೆ, ಯಾರದೋ ಹಾಲು ಇನ್ಯಾರದೋ ಹೆಸರಿಗೆ. ವಿಲುಕಪ್ ಅರ್ಥವಾದವರು ಡೇಟಾಬೇಸ್‌ನ ಬಾಗಿಲಿಗೆ ಬಂದಂತೆಯೇ.

## ಡೇಟಾಬೇಸ್ ಅಂದರೆ ಏನು?

ಬೇರೆ ಬೇರೆ ಟೇಬಲ್‌ಗಳು (ಸಾಲು, ಕಾಲಂ ಇರುವ ಪಟ್ಟಿಗಳು), ಅವುಗಳ ನಡುವಿನ ಸಂಬಂಧ, ಆ ಸಂಬಂಧ ಕೆಡದಂತೆ ಕಾಯುವ ನಿಯಮಗಳು. ಈ ಮೂರೂ ಸೇರಿದರೆ ಡೇಟಾಬೇಸ್. ಈ ಬಗೆಯ ಜೋಡಣೆಯನ್ನು 1970ರಲ್ಲಿ ಐಬಿಎಂ ಕಂಪನಿಯ ಎಡ್ಗರ್ ಕಾಡ್ ಒಂದು ಪ್ರಬಂಧದಲ್ಲಿ ಮುಂದಿಟ್ಟರು. ಬ್ಯಾಂಕ್ ಖಾತೆ, ರೈಲು ಟಿಕೆಟ್, ನಮ್ಮ ರಾಜ್ಯದ ಭೂಮಿ ಯೋಜನೆಯ ಪಹಣಿ, ಇಂಥವೆಲ್ಲ ಇಂದು ಡೇಟಾಬೇಸ್‌ನಲ್ಲೇ ಇವೆ.

ಶೀಟ್‌ಗೂ ಇದಕ್ಕೂ ಏನು ವ್ಯತ್ಯಾಸ? ಶೀಟ್‌ನಲ್ಲಿ ಯಾವ ಸೆಲ್‌ನಲ್ಲಿ ಏನು ಬೇಕಾದರೂ ಬರೆಯಬಹುದು. ಡೇಟಾಬೇಸ್‌ನಲ್ಲಿ ಮೊದಲು ನಿಯಮ, ಆಮೇಲೆ ಮಾಹಿತಿ. ಲೀಟರ್ ಕಾಲಂ ಸಂಖ್ಯೆ ಅಂತ ಹೇಳಿದ ಮೇಲೆ ಅಲ್ಲಿ "ರಜೆ" ಅಂತ ಬರೆಯಲು ಬಿಡುವುದಿಲ್ಲ. ಶುರುವಿನಲ್ಲಿ ಇದು ಕಿರಿಕಿರಿ ಅನ್ನಿಸುತ್ತದೆ. ಆ ಕಿರಿಕಿರಿಗಾಗಿಯೇ ಅದನ್ನು ಬಳಸುವುದು.

ಲಿಬ್ರೆಆಫೀಸ್ ಬೇಸ್‌ನಲ್ಲಿ ಮಾಡಿ ನೋಡಿ. ಹೊಸ ಡೇಟಾಬೇಸ್ ಅಂತ ಆರಿಸಿ, ಹೆಸರು ಕೊಟ್ಟು ಸೇವ್ ಮಾಡಿ. ಡಿಸೈನ್ ವ್ಯೂನಲ್ಲಿ "ಸದಸ್ಯರು" ಅನ್ನುವ ಟೇಬಲ್: ಸದಸ್ಯ ಸಂಖ್ಯೆ, ಹೆಸರು, ಫೋನ್, ಖಾತೆ. ಪ್ರತಿಯೊಂದರ ಎದುರು ಅದು ಸಂಖ್ಯೆಯೋ ಬರಹವೋ ಅಂತ ಆರಿಸಬೇಕು. ಸದಸ್ಯ ಸಂಖ್ಯೆಯ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರೈಮರಿ ಕೀ ಅಂತ ಕೊಡಿ. ಅಂದರೆ ಈ ಸಂಖ್ಯೆ ಇಬ್ಬರಿಗೆ ಇರಕೂಡದು, ಖಾಲಿಯೂ ಇರಕೂಡದು. ಪ್ರೈಮರಿ ಕೀ ಇಲ್ಲದ ಟೇಬಲ್‌ಗೆ ಬೇಸ್ ಮಾಹಿತಿ ತುಂಬಲೇ ಬಿಡುವುದಿಲ್ಲ. ಟೇಬಲ್ ತೆರೆಯುತ್ತದೆ, ಟೈಪ್ ಆಗುತ್ತಿಲ್ಲ ಅಂತ ಒದ್ದಾಡುವ ಹೊಸಬರು ಮೊದಲು ಇದನ್ನು ನೋಡಬೇಕು.

ಎರಡನೇ ಟೇಬಲ್ "ಹಾಲು": ಕ್ರಮ ಸಂಖ್ಯೆ, ದಿನಾಂಕ, ಹೊತ್ತು, ಸದಸ್ಯ ಸಂಖ್ಯೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ. ಇಲ್ಲಿ ಕ್ರಮ ಸಂಖ್ಯೆಯೇ ಪ್ರೈಮರಿ ಕೀ. ಹೆಸರು ಇಲ್ಲ, ಖಾತೆ ಇಲ್ಲ. ಮೊತ್ತವೂ ಬೇಡ, ಲೀಟರ್ ಮತ್ತು ದರದಿಂದ ಅದು ಯಾವಾಗ ಬೇಕಾದರೂ ಬರುತ್ತದೆ. ಹಾಗಾದರೆ ದರ ಮಾತ್ರ ಯಾಕೆ ಪ್ರತಿ ಸಾಲಿನಲ್ಲಿ? ದರ ಆ ದಿನದ, ಆ ಹಾಲಿನ ಸಂಗತಿ. ಬೇರೆಲ್ಲೋ ಒಂದೇ ಕಡೆ ಇಟ್ಟು ಮುಂದಿನ ತಿಂಗಳು ತಿದ್ದಿದರೆ ಕಳೆದ ತಿಂಗಳ ಬಟವಾಡೆಯೂ ಬದಲಾಗಿಬಿಡುತ್ತದೆ. ಯಾವುದು ಆ ಹೊತ್ತಿನದು, ಯಾವುದು ವ್ಯಕ್ತಿಯದು ಅಂತ ಹೀಗೆ ಬಿಡಿಸಿ ನೋಡುವುದೇ ಡೇಟಾಬೇಸ್ ಕಟ್ಟುವವರ ಮುಖ್ಯ ಕೆಲಸ.

ಇನ್ನು ಟೂಲ್ಸ್ ಮೆನುವಿನ ರಿಲೇಶನ್‌ಶಿಪ್ಸ್ ತೆರೆದು, ಸದಸ್ಯರು ಟೇಬಲ್‌ನ ಸದಸ್ಯ ಸಂಖ್ಯೆಯನ್ನು ಹಾಲು ಟೇಬಲ್‌ನ ಸದಸ್ಯ ಸಂಖ್ಯೆಯ ಮೇಲೆ ಎಳೆದು ಬಿಡಿ. ನಡುವೆ ಒಂದು ಗೆರೆ ಮೂಡುತ್ತದೆ. ಈಗ ಹಾಲು ಟೇಬಲ್‌ನಲ್ಲಿ 151 ಅಂತ ಹಾಕಿ ನೋಡಿ. ಆ ಸಂಖ್ಯೆಯ ಸದಸ್ಯರು ಇಲ್ಲ ಅಂದರೆ ಸಾಲು ಸೇರುವುದೇ ಇಲ್ಲ.

## ಫಾರ್ಮ್, ಕ್ವೆರಿ, ರಿಪೋರ್ಟ್

ಫಾರ್ಮ್ ಅಂದರೆ ಮಾಹಿತಿ ತುಂಬಲು ಮಾಡಿಕೊಂಡ ಸ್ಕ್ರೀನ್. ರಿಪೋರ್ಟ್ ಅಂದರೆ ಪ್ರಿಂಟ್‌ಗೆ ತಕ್ಕ ಹಾಗೆ ಜೋಡಿಸಿದ ಪುಟ. ಎರಡನ್ನೂ ವಿಝಾರ್ಡ್ ಕೇಳಿ ಕೇಳಿ ಮಾಡಿಕೊಡುತ್ತದೆ, ಹೆದರುವಂಥದ್ದು ಇಲ್ಲ.

ಕ್ವೆರಿ ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ. "ಈ 15 ದಿನದಲ್ಲಿ ಯಾರು ಯಾರು ಎಷ್ಟು ಲೀಟರ್ ಹಾಕಿದರು, ಎಷ್ಟು ದುಡ್ಡು ಕೊಡಬೇಕು?" ಇದನ್ನು ಮೌಸ್‌ನಲ್ಲಿ ಆರಿಸಿಯೂ ಕೇಳಬಹುದು, ಎಸ್‌ಕ್ಯುಎಲ್ ಅನ್ನುವ ಭಾಷೆಯಲ್ಲಿ ಬರೆದೂ ಕೇಳಬಹುದು. 1974ರ ಸುಮಾರಿಗೆ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ ರೂಪಿಸಿದ ಭಾಷೆ ಇದು, ಇಂದಿಗೂ ಎಲ್ಲೆಡೆ ನಡೆಯುತ್ತಿದೆ. ಸೆಲೆಕ್ಟ್ ಅಂದ ಮೇಲೆ ಏನು ಬೇಕು ಅಂತ ಬರೆಯಬೇಕು: ಹೆಸರು, ಲೀಟರ್‌ಗಳ ಮೊತ್ತ. ಫ್ರಮ್ ಅಂದ ಮೇಲೆ ಯಾವ ಟೇಬಲ್‌ಗಳಿಂದ. ವೇರ್ ಅಂದ ಮೇಲೆ ಷರತ್ತು: ಎರಡೂ ಟೇಬಲ್‌ನ ಸದಸ್ಯ ಸಂಖ್ಯೆ ಒಂದೇ ಇರಬೇಕು, ದಿನಾಂಕ 1ರಿಂದ 15ರ ಒಳಗಿರಬೇಕು. ಗ್ರೂಪ್ ಬೈ ಅಂದ ಮೇಲೆ ಯಾವ ಲೆಕ್ಕದಲ್ಲಿ ಗುಂಪು ಮಾಡಬೇಕು: ಇಲ್ಲಿ ಸದಸ್ಯ ಸಂಖ್ಯೆ ಮತ್ತು ಹೆಸರು. ಒಮ್ಮೆ ಬರೆದು ಸೇವ್ ಮಾಡಿದರೆ ಪ್ರತಿ ಬಟವಾಡೆಗೂ ದಿನಾಂಕ ಬದಲಿಸಿದರೆ ಆಯಿತು.

## ಕನ್ನಡದಲ್ಲಿ ಇಡಬಹುದಾ?

ಖಂಡಿತ ಇಡಬಹುದು, ಯುನಿಕೋಡ್‌ನಲ್ಲಿ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಟೈಪ್ ಮಾಡಿದ್ದರೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್‌ಗಳು ಇನ್ನೂ ಎಷ್ಟೋ ಕಚೇರಿಗಳಲ್ಲಿವೆ. ಅವುಗಳ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಅರ್ಥವಾಗದ ಚಿಹ್ನೆಗಳು. ಹುಡುಕುವುದು, ಅಕಾರಾದಿ ಜೋಡಿಸುವುದು ಸರಿಯಾಗಿ ಆಗುವುದಿಲ್ಲ. ಡೇಟಾಬೇಸ್‌ಗೆ ಸೇರಿಸುವ ಮೊದಲು ಪರಿವರ್ತಕದಲ್ಲಿ ಹಾಕಿ ಯುನಿಕೋಡ್‌ಗೆ ತಂದುಕೊಳ್ಳಬೇಕು.

ಸಿಎಸ್‌ವಿ ಫೈಲ್ (ಕಾಲಂಗಳ ನಡುವೆ ಅಲ್ಪವಿರಾಮ ಇಟ್ಟು ಉಳಿಸಿದ ಸಾದಾ ಬರಹದ ಫೈಲ್) ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಕೆಟ್ಟು ಕಂಡರೆ ಗಾಬರಿ ಬೇಡ. ಫೈಲ್ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ, ಓದುವ ರೀತಿ ತಪ್ಪಿರುತ್ತದೆ. ಅದೇ ಫೈಲನ್ನು ಕ್ಯಾಲ್ಕ್‌ನಲ್ಲಿ ತೆರೆದರೆ ಮೊದಲೇ ಒಂದು ಕಿಟಕಿ ಬಂದು ಕೇಳುತ್ತದೆ. ಅಲ್ಲಿ ಯುನಿಕೋಡ್ ಯುಟಿಎಫ್-8 ಆರಿಸಿ. ಖಾತೆ ಸಂಖ್ಯೆಯ ಕಾಲಂಗೆ ಟೆಕ್ಸ್ಟ್ ಅಂತ ಕೊಡುವುದೂ ಅದೇ ಕಿಟಕಿಯಲ್ಲಿ.

## ಸೇವ್ ಮಾಡುವುದರಲ್ಲೂ ವ್ಯತ್ಯಾಸ ಇದೆ

ಶೀಟ್‌ನಲ್ಲಿ ಏನಾದರೂ ಕೆಟ್ಟರೆ ಸೇವ್ ಮಾಡದೆ ಮುಚ್ಚಿ ಪಾರಾಗಬಹುದು. ಡೇಟಾಬೇಸ್‌ನಲ್ಲಿ ಆ ಅನುಕೂಲ ಇಲ್ಲ. ಆಕ್ಸೆಸ್‌ನಲ್ಲಿ ಒಂದು ಸಾಲು ತುಂಬಿ ಮುಂದಿನ ಸಾಲಿಗೆ ಹೋದ ಕ್ಷಣವೇ ಅದು ಬರೆದಾಯಿತು. ಅಳಿಸಿದ ಸಾಲು ವಾಪಸ್ ಬರುವುದಿಲ್ಲ. ಬೇಸ್‌ನಲ್ಲಿ ಸಾಲನ್ನು ಸೇವ್ ಮಾಡುವುದು ಬೇರೆ, ಇಡೀ ಫೈಲ್ ಸೇವ್ ಮಾಡುವುದು ಬೇರೆ. ಎರಡನ್ನೂ ಮಾಡಬೇಕು. ಕರೆಂಟ್ ಕೈಕೊಡುವ ಊರಲ್ಲಂತೂ ಆಗಾಗ ಮಾಡಬೇಕು.

ಅಭ್ಯಾಸಕ್ಕೆ ಡೇರಿಯ ನಿಜವಾದ ಫೈಲ್ ಮುಟ್ಟಬೇಡಿ. ಹತ್ತು ಸದಸ್ಯರ, ಎರಡು ದಿನದ ಸುಳ್ಳು ಲೆಕ್ಕ ತುಂಬಿಕೊಳ್ಳಿ. ಉತ್ತರವನ್ನು ಕೈಯಲ್ಲೇ ಕೂಡಿ ನೋಡುವಷ್ಟು ಚಿಕ್ಕದಾಗಿರಲಿ. ನಿಜವಾದ ಕೆಲಸಕ್ಕೆ ಇಳಿದ ಮೇಲೆ ಪ್ರತಿ ಬಟವಾಡೆಯ ದಿನ ಫೈಲನ್ನು ಮುಚ್ಚಿ, ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿ. ಹೆಸರನ್ನು "ಹಾಲು-2025-11-30" ಅಂತ ವರ್ಷ ಮೊದಲು ಬರುವಂತೆ ಇಟ್ಟರೆ ಫೈಲ್‌ಗಳು ತಾರೀಖಿನ ಕ್ರಮದಲ್ಲೇ ಸಾಲಾಗಿ ನಿಲ್ಲುತ್ತವೆ. ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಕೊನೆಯ ದಿನದ ಸಾಲುಗಳು ಬಂದಿವೆಯಾ ಅಂತ ಅವತ್ತೇ ನೋಡಿಬಿಡಿ.